ಬರೆದ ಕಾಗದ, ಬರೆದ ಪೆನ್ನು: ಇಂಗ್ಲಿಷಿನಲ್ಲಿ ನಾಮಪದದ ಬೆನ್ನಿಗೆ ಬರುವ ಉಪವಾಕ್ಯ

ಬರೆದ ಹುಡುಗಿ, ಬರೆದ ಕಾಗದ, ಬರೆದ ಪೆನ್ನು, ಬರೆದ ದಿನ. ನಾಲ್ಕರಲ್ಲೂ ‘ಬರೆದ’ ಎಂಬುದು ಒಂದೇ ರೂಪ. ಹುಡುಗಿ ಬರೆದವಳು, ಕಾಗದ ಅವಳು ಬರೆದದ್ದು, ಪೆನ್ನು ಬರೆಯಲು ಹಿಡಿದದ್ದು, ದಿನ ಬರೆಯುವ ಕೆಲಸ ನಡೆದ ಹೊತ್ತು. ಇಷ್ಟು ಬೇರೆ ಬೇರೆ ಸಂಬಂಧಗಳಿದ್ದರೂ ಕನ್ನಡ ಒಂದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಪೆನ್ನು ತಾನಾಗಿ ಬರೆಯುವುದಿಲ್ಲ ಎಂಬುದು ಕೇಳುವವರಿಗೆ ಗೊತ್ತೇ ಇದೆ ಎಂದು ನಂಬಿ, ಅರ್ಥ ಹೊಂದಿಸುವ ಕೆಲಸವನ್ನು ಅವರಿಗೇ ಬಿಡುತ್ತದೆ.

ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ದ ಗರ್ಲ್ ಹೂ ರೋಟ್’, ‘ದ ಲೆಟರ್ ಶಿ ರೋಟ್’, ‘ದ ಪೆನ್ ಶಿ ರೋಟ್ ವಿತ್’, ‘ದ ಡೇ ಶಿ ರೋಟ್ ಇಟ್’. ಹುಡುಗಿಯ ನಂತರ ‘ಹೂ’ ಬೇಕೇ ಬೇಕು. ಕಾಗದದ ನಂತರ ಜೋಡಿಸುವ ಪದವೇ ಇಲ್ಲದಿದ್ದರೂ ನಡೆಯುತ್ತದೆ. ಪೆನ್ನಿನ ವಾಕ್ಯದ ತುದಿಯಲ್ಲಿ ‘ವಿತ್’ ಉಳಿಯಲೇಬೇಕು. ದಿನದ ಜೊತೆ ‘ಇಟ್’ ಬರಬಹುದು, ಕಾಗದದ ಜೊತೆ ಬರಕೂಡದು. ಮುಂಬೈ, ಪುಣೆ, ಗೋವಾಗಳ ಆಫೀಸುಗಳಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಮೇಲ್ ಬರೆಯುವ ಕನ್ನಡಿಗರೂ ಈ ಜಾಗದಲ್ಲಿ ಎಡವುತ್ತಾರೆ. ಶಬ್ದಸಂಪತ್ತು ಸಾಲದೆ ಎಡವುವುದಲ್ಲ. ಕನ್ನಡ ಹೇಳದೆ ಬಿಡುವ ಸಂಬಂಧವನ್ನು ಇಂಗ್ಲಿಷ್ ಹೇಳಿಸುತ್ತದೆ, ಆ ಹೇಳುವ ಅಭ್ಯಾಸ ನಮ್ಮ ವಾಕ್ಯಕ್ಕೆ ಇಲ್ಲ.

ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ರಿಲೇಟಿವ್ ಕ್ಲಾಝ್ ಎನ್ನುತ್ತಾರೆ. ಇಲ್ಲಿ ಉಪವಾಕ್ಯ ಎಂದರೆ ಅದೇ.

ಹಿಂದುಮುಂದಾದ ಸಾಲು

‘ಥಾಣೆಯಿಂದ ಬರುವ ಲೋಕಲ್‌ನಲ್ಲಿ ಕೂತಿದ್ದ ಹುಡುಗಿ.’ ಇದನ್ನು ಕೊನೆಯಿಂದ ಮೊದಲಿಗೆ ಒಂದೊಂದೇ ತುಂಡಾಗಿ ಓದಿ: ಹುಡುಗಿ, ಕೂತಿದ್ದ, ಅಲ್ಲಿ, ಲೋಕಲ್, ಬರುವ, ಇಂದ, ಥಾಣೆ. ಈಗ ಇಂಗ್ಲಿಷ್: ‘ದ ಗರ್ಲ್ ಹೂ ವಾಸ್ ಸಿಟಿಂಗ್ ಇನ್ ದ ಲೋಕಲ್ ದಟ್ ಕಮ್ಸ್ ಫ್ರಮ್ ಥಾಣೆ’. ಹುಡುಗಿ, ಕೂತಿದ್ದು, ಒಳಗೆ, ಲೋಕಲ್, ಬರುವುದು, ಇಂದ, ಥಾಣೆ. ಅದೇ ಮಣಿಗಳು, ದಾರವನ್ನು ಇನ್ನೊಂದು ತುದಿಯಿಂದ ಹಿಡಿದಿದೆ, ಅಷ್ಟೇ.

ಇದು ಆಕಸ್ಮಿಕವಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯ ನಾಮಪದದ ಬಾಲಕ್ಕೆ ಅಂಟುತ್ತದೆ, ವಿವರಣೆಯೆಲ್ಲ ಮುಗಿದ ಮೇಲೆ ನಾಮಪದ ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ಕರ್ಮ ಆಮೇಲೆ. ಪ್ರಿಪೊಸಿಷನ್ ಮೊದಲು, ನಾಮಪದ ಆಮೇಲೆ. ನಾಮಪದ ಮೊದಲು, ಅದರ ಉದ್ದನೆಯ ವಿವರಣೆ ಆಮೇಲೆ. ಕ್ರಿಯಾಪದದ ನಂತರ ಕರ್ಮವನ್ನಿಡುವ ಭಾಷೆಗಳು ಬಹುತೇಕ ಎಲ್ಲವೂ ಇದೇ ದಾರಿ ಹಿಡಿದಿವೆ. ಎದ್ದು ಕಾಣುವ ಅಪವಾದ ಚೀನೀ ಭಾಷೆ: ಅಲ್ಲಿ ಕರ್ಮ ಕ್ರಿಯಾಪದದ ನಂತರ ಬಂದರೂ ಉಪವಾಕ್ಯ ನಮ್ಮ ಹಾಗೆ ನಾಮಪದದ ಮುಂಚೆಯೇ ನಿಲ್ಲುತ್ತದೆ.

ಆದ್ದರಿಂದ ಕನ್ನಡದಲ್ಲಿ ಯೋಚಿಸಿದ್ದನ್ನು ಇಂಗ್ಲಿಷಿಗೆ ತರುವಾಗ ಮೊದಲು ಹುಡುಕಬೇಕಾದದ್ದು ವಿವರಣೆಯ ಕೊನೆಗೆ ನಿಂತಿರುವ ನಾಮಪದ. ಅದನ್ನೇ ಮೊದಲು ಹೇಳಿಬಿಡಿ. ‘ಮೈ ಪುಣೆ ಸ್ಟೇಯಿಂಗ್ ಬ್ರದರ್’ ಎಂಬಂಥ ಮಾತು ಹುಟ್ಟುವುದು ‘ಪುಣೆಯಲ್ಲಿರುವ ನನ್ನ ಅಣ್ಣ’ ಎಂಬುದರ ಸಾಲನ್ನು ಹಾಗೇ ಉಳಿಸಿಕೊಂಡಾಗ. ‘ಮೈ ಬ್ರದರ್’ ಎಂದು ಶುರುಮಾಡಿದರೆ ಮುಂದಿನದು ಹಾಗೆ ತಪ್ಪಲು ಜಾಗವೇ ಇರುವುದಿಲ್ಲ.

ಖಾಲಿ ಜಾಗ ಎಲ್ಲಿದೆ

ನಾಮಪದ ಮೊದಲು ಬಂದುಬಿಟ್ಟಿತು. ಹಿಂದೆ ಬರುವ ಉಪವಾಕ್ಯದೊಳಗೆ ಅದೇ ನಾಮಪದ ಕೂರಬೇಕಿದ್ದ ಒಂದು ಜಾಗ ಖಾಲಿ ಉಳಿಯುತ್ತದೆ. ಇಂಗ್ಲಿಷಿನ ಎಲ್ಲ ನಿಯಮಗಳೂ ಆ ಖಾಲಿ ಜಾಗದ ಸುತ್ತಲೇ ಇವೆ. ಅದು ಕರ್ತೃವಿನ ಜಾಗವೋ, ಕರ್ಮದ ಜಾಗವೋ, ಪ್ರಿಪೊಸಿಷನ್ನಿನ ಮುಂದಿನ ಜಾಗವೋ ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ.

‘ನಾವು ನೀರಿನ ಬಿಲ್ಲಿನ ಬಗ್ಗೆ ಮಾತಾಡಿದ ಸೆಕ್ರೆಟರಿ ಬಂದಿದ್ದಾರೆ’ ಎಂಬುದನ್ನು ತೆಗೆದುಕೊಳ್ಳಿ. ಮೊದಲು ಇದನ್ನು ಎರಡು ಪೂರ್ತಿ ವಾಕ್ಯ ಮಾಡಿ. ಒಂದು, ‘ದ ಸೆಕ್ರೆಟರಿ ಹ್ಯಾಸ್ ಕಮ್’. ಇನ್ನೊಂದು, ‘ವಿ ಸ್ಪೋಕ್ ಟು ದ ಸೆಕ್ರೆಟರಿ ಅಬೌಟ್ ದ ವಾಟರ್ ಬಿಲ್’. ಎರಡನೆಯದರಿಂದ ‘ದ ಸೆಕ್ರೆಟರಿ’ಯನ್ನು ಮಾತ್ರ ಕಿತ್ತು ತೆಗೆಯಿರಿ. ಉಳಿದದ್ದು ‘ವಿ ಸ್ಪೋಕ್ ಟು … ಅಬೌಟ್ ದ ವಾಟರ್ ಬಿಲ್’. ಇದರ ತಲೆಗೆ ‘ಹೂ’ ಇಟ್ಟು, ಮೊದಲ ವಾಕ್ಯದ ‘ಸೆಕ್ರೆಟರಿ’ಯ ಬೆನ್ನಿಗೇ ತಂದು ಕೂರಿಸಿ: ‘ದ ಸೆಕ್ರೆಟರಿ ಹೂ ವಿ ಸ್ಪೋಕ್ ಟು ಅಬೌಟ್ ದ ವಾಟರ್ ಬಿಲ್ ಹ್ಯಾಸ್ ಕಮ್’.

‘ಟು ಅಬೌಟ್’ ಎಂದು ಎರಡು ಪ್ರಿಪೊಸಿಷನ್ ಅಕ್ಕಪಕ್ಕ ನಿಂತದ್ದು ಕಣ್ಣಿಗೆ ಚುಚ್ಚುತ್ತದೆ, ಒಂದನ್ನು ಅಳಿಸೋಣ ಎನಿಸುತ್ತದೆ. ಅಳಿಸಬೇಡಿ. ಖಾಲಿ ಜಾಗ ಇರುವುದೇ ಆ ಎರಡರ ನಡುವೆ. ಕಿತ್ತದ್ದು ನಾಮಪದವನ್ನು ಮಾತ್ರ, ಉಳಿದ ಒಂದು ಪದವೂ ಕದಲಬಾರದು. ತಪ್ಪುಗಳು ಬಹುಪಾಲು ಬರುವುದು ಈ ಹಂತದಲ್ಲಿ ಜಾಸ್ತಿ ಕಿತ್ತಾಗ, ಇಲ್ಲವೇ ಕಿತ್ತ ಜಾಗದಲ್ಲಿ ಮತ್ತೇನನ್ನೋ ಇಟ್ಟಾಗ.

ಕಳೆದುಹೋಗುವ ಪ್ರತ್ಯಯ

ಜಾಸ್ತಿ ಕೀಳುವುದು ನಮ್ಮವರಲ್ಲಿ ಅತಿ ಸಾಮಾನ್ಯ, ಅದಕ್ಕೆ ಕಾರಣ ಸ್ವತಃ ಕನ್ನಡದಲ್ಲಿದೆ. ‘ನಾನು ಗಾಡಿಗೆ ಕಾಯುತ್ತಿದ್ದೇನೆ’ ಎಂಬಲ್ಲಿ ‘ಗೆ’ ಇದೆ. ‘ನಾನು ಕಾಯುತ್ತಿರುವ ಗಾಡಿ’ ಎಂದಾಗ ಅದು ಮಾಯ. ‘ಹುದ್ದೆಗೆ ಅರ್ಜಿ ಹಾಕಿದೆ’. ‘ಅರ್ಜಿ ಹಾಕಿದ ಹುದ್ದೆ’. ‘ಪಾತ್ರೆಯಲ್ಲಿ ಹಾಲು ಕಾಯಿಸಿದೆ’. ‘ಹಾಲು ಕಾಯಿಸಿದ ಪಾತ್ರೆ’. ನಾಮಪದಕ್ಕೆ ಇರುವುದು ಒಂದೇ ಬಾಲ, ಆ ಬಾಲ ಹೊರಗಿನ ವಾಕ್ಯದ ಪಾಲಾಗುತ್ತದೆ. ‘ನಾನು ಅರ್ಜಿ ಹಾಕಿದ ಹುದ್ದೆಯನ್ನು ರದ್ದು ಮಾಡಿದರು’ ಎಂಬಲ್ಲಿ ‘ಅನ್ನು’ ರದ್ದು ಮಾಡಿದ್ದಕ್ಕೆ ಸೇರಿದ್ದು. ಅರ್ಜಿಗೆ ಸೇರಬೇಕಿದ್ದ ‘ಗೆ’ಗೆ ನಿಲ್ಲಲು ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ನಾಮಪದಕ್ಕೆ ಅಂಟಿಕೊಂಡಿಲ್ಲ, ಅದು ಸ್ವತಂತ್ರ ಪದ. ನಾಮಪದ ಎದ್ದುಹೋದರೂ ತನ್ನ ಜಾಗದಲ್ಲಿ ಉಳಿಯುತ್ತದೆ.

ಹಾಗಾಗಿ ‘ದ ಟ್ರೇನ್ ಐ ಆ್ಯಮ್ ವೇಟಿಂಗ್ ಫಾರ್’, ‘ದ ಪೋಸ್ಟ್ ಐ ಅಪ್ಲೈಡ್ ಫಾರ್’, ‘ದ ಕಂಪನಿ ಐ ವರ್ಕ್ ಫಾರ್’, ‘ದ ಬಿಲ್ಡಿಂಗ್ ವಿ ಲಿವ್ ಇನ್’, ‘ದ ಕಂಡಿಷನ್ ದೇ ಅಗ್ರೀಡ್ ಟು’, ‘ದ ವೆಸೆಲ್ ದ ಮಿಲ್ಕ್ ವಾಸ್ ಬಾಯ್ಲ್ಡ್ ಇನ್’. ಕೊನೆಯ ಪದವನ್ನು ಬೆರಳಿನಿಂದ ಮುಚ್ಚಿ ಓದಿದರೆ ಕನ್ನಡದ ಕಿವಿಗೆ ಎಲ್ಲವೂ ಪೂರ್ತಿಯಾಗಿಯೇ ಕೇಳುತ್ತವೆ. ಅದೇ ಅಪಾಯ. ‘ದ ಕಂಪನಿ ಐ ವರ್ಕ್’ ಎಂದು ಬರೆದರೆ ಇಂಗ್ಲಿಷ್ ಓದುಗರಿಗೆ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲೇ ಇಲ್ಲದಂತಾಗುತ್ತದೆ.

ಇದಕ್ಕೆ ಉಲ್ಟಾ ತಪ್ಪೂ ಇದೆ. ‘ದ ಪಾಯಿಂಟ್ಸ್ ವಿ ಡಿಸ್ಕಸ್ಡ್ ಅಬೌಟ್’, ‘ದ ಸಿಟಿ ಐ ವಿಸಿಟೆಡ್ ಟು’. ‘ವಿಷಯದ ಬಗ್ಗೆ ಚರ್ಚಿಸಿದೆವು’, ‘ಊರಿಗೆ ಭೇಟಿ ಕೊಟ್ಟೆ’ ಎಂಬ ನಮ್ಮ ಬಳಕೆ ಇಲ್ಲಿ ಇಣುಕುತ್ತದೆ. ಮದ್ದು ಹಿಂದಿನದೇ: ಪೂರ್ತಿ ವಾಕ್ಯ ಹೇಳಿ ನೋಡಿ. ‘ವಿ ಡಿಸ್ಕಸ್ಡ್ ದ ಪಾಯಿಂಟ್ಸ್’ ಎನ್ನುವಾಗ ನಡುವೆ ಏನೂ ಇಲ್ಲ, ಹಾಗಾಗಿ ಕಿತ್ತ ಮೇಲೂ ಏನೂ ಇರುವುದಿಲ್ಲ.

ಪ್ರಿಪೊಸಿಷನ್ನಿನಿಂದ ವಾಕ್ಯ ಮುಗಿಸಬಾರದು ಎಂದು ಶಾಲೆಯಲ್ಲಿ ಹೇಳಿಸಿಕೊಂಡವರು ಬಹಳ. ಈ ಆಕ್ಷೇಪಕ್ಕೆ ವಯಸ್ಸಾಗಿದೆ: 1672ರಲ್ಲೇ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ಬೆನ್ ಜಾನ್ಸನ್‌ನ ಸಾಲೊಂದರಲ್ಲಿ ಇದನ್ನೇ ತಪ್ಪೆಂದು ಎತ್ತಿ ತೋರಿಸಿದ್ದ. ಆದರೆ ಇಂಗ್ಲಿಷ್ ಆಡುವವರು ಅಂದೂ ಹಾಗೆ ಮಾತಾಡುತ್ತಿದ್ದರು, ಇಂದೂ ಆಡುತ್ತಾರೆ. ಮಾತಿನಲ್ಲಿ, ದಿನದ ಮೇಲ್‌ನಲ್ಲಿ ‘ದ ಪರ್ಸನ್ ಐ ಸ್ಪೋಕ್ ಟು’ ಎಂಬುದೇ ಸಹಜ. ಕರಾರುಪತ್ರ, ಕಾನೂನು ನೋಟಿಸು, ಸಂಶೋಧನಾ ಪ್ರಬಂಧಗಳಲ್ಲಿ ಪ್ರಿಪೊಸಿಷನ್ನನ್ನು ಮುಂದೆ ತರುತ್ತಾರೆ: ‘ದ ಪರ್ಸನ್ ಟು ಹೂಮ್ ಐ ಸ್ಪೋಕ್’, ‘ದ ಪ್ರೆಮಿಸಸ್ ಇನ್ ವಿಚ್ ದ ಟೆನಂಟ್ ರಿಸೈಡ್ಸ್’. ಮುಂದೆ ತಂದಾಗ ಎರಡು ಎಚ್ಚರ. ಹಿಂದಿನದನ್ನು ಅಳಿಸಬೇಕು, ‘ಫಾರ್ ವಿಚ್ ಐ ವರ್ಕ್ ಫಾರ್’ ಎಂದು ಎರಡು ಸಲ ಇಡಬಾರದು. ಮತ್ತು ಪ್ರಿಪೊಸಿಷನ್ನಿನ ತಕ್ಷಣ ‘ದಟ್’ ಆಗಲಿ ಬರಿಯ ‘ಹೂ’ ಆಗಲಿ ಬರುವಂತಿಲ್ಲ, ವಸ್ತುವಿಗೆ ‘ವಿಚ್’, ಮನುಷ್ಯರಿಗೆ ‘ಹೂಮ್’ ಮಾತ್ರ. ಎರಡರಲ್ಲಿ ಯಾವುದನ್ನು ಮೊದಲು ಕಲಿಯಬೇಕೆಂದು ಕೇಳಿದರೆ, ತುದಿಯಲ್ಲಿ ಬಿಡುವುದನ್ನೇ ಎನ್ನಬೇಕು. ಅದರಲ್ಲಿ ಪದಗಳು ಕದಲುವುದಿಲ್ಲ, ತಪ್ಪಲು ಅವಕಾಶ ಕಡಿಮೆ.

‘ವೇರ್’ ಎಂಬುದು ಪ್ರಿಪೊಸಿಷನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡ ಪದ. ‘ದ ಬಿಲ್ಡಿಂಗ್ ವೇರ್ ವಿ ಲಿವ್’ ಸರಿ; ಅದಕ್ಕೆ ‘ಇನ್’ ಸೇರಿಸಿದರೆ ಎರಡಾಯಿತು. ಜಾಗದ ಹೆಸರು ಬಂದಾಗಲೆಲ್ಲ ‘ವೇರ್’ ಹಾಕುವುದೂ ತಪ್ಪು. ‘ನಾವು ನೋಡಿದ ಕೋಟೆ’ ಎಂಬಲ್ಲಿ ಕೋಟೆ ಜಾಗವಾದರೂ ಉಪವಾಕ್ಯದೊಳಗೆ ಅದು ಕರ್ಮ: ‘ವಿ ಸಾ ದ ಫೋರ್ಟ್’. ಆದ್ದರಿಂದ ‘ದ ಫೋರ್ಟ್ ವಿ ಸಾ’. ‘ನಾವು ಉಳಿದುಕೊಂಡ ಹೋಟೆಲ್’ ಎಂದರೆ ‘ವಿ ಸ್ಟೇಯ್ಡ್ ಅಟ್ ದ ಹೋಟೆಲ್’. ಹಾಗಾಗಿ ‘ದ ಹೋಟೆಲ್ ವೇರ್ ವಿ ಸ್ಟೇಯ್ಡ್’, ಅಥವಾ ‘ದ ಹೋಟೆಲ್ ವಿ ಸ್ಟೇಯ್ಡ್ ಅಟ್’. ವಸ್ತು ಏನೆಂಬುದು ಮುಖ್ಯವಲ್ಲ, ಖಾಲಿ ಜಾಗದ ಹಿಂದೆ ಪ್ರಿಪೊಸಿಷನ್ ಇದೆಯೇ ಎಂಬುದು ಮುಖ್ಯ.

ಜೋ–ತೋ ಬೀದಿಯಲ್ಲಿ

ಇನ್ನೊಂದು ತಪ್ಪು ಖಾಲಿ ಜಾಗವನ್ನು ತುಂಬುವುದು. ‘ದ ಕ್ಯಾಂಡಿಡೇಟ್ ಹೂ ಯು ಸೆಂಟ್ ಹಿಮ್’, ‘ದ ಫೈಲ್ ವಿಚ್ ಐ ಹ್ಯಾವ್ ಕೆಪ್ಟ್ ಇಟ್ ಆನ್ ದ ಟೇಬಲ್’. ಇದು ಕನ್ನಡದ ‘ಬರೆದ ಕಾಗದ’ ಜಾತಿಯ ರಚನೆಯಿಂದ ಬಂದದ್ದಲ್ಲ. ಮುಂಬೈ, ಪುಣೆಗಳಲ್ಲಿ ಕಿವಿಗೆ ಬೀಳುವ ಮರಾಠಿ, ಹಿಂದಿಗಳಲ್ಲಿ ಜೋಡಿಪದಗಳ ರಚನೆ ಇದೆ: ‘ಜೋ ಮುಲಗಾ ಕಾಲ್ ಆಲಾ, ತೋ ಮಾಝಾ ಭಾವೂ ಆಹೇ’ (ಯಾವ ಹುಡುಗ ನಿನ್ನೆ ಬಂದನೋ ಅವನು ನನ್ನ ಸಹೋದರ), ಹಿಂದಿಯಲ್ಲಿ ‘ಜೋ … ವಹ್’. ಮೊದಲ ತುಂಡು ನಾಮಪದವನ್ನು ಪರಿಚಯಿಸುತ್ತದೆ, ಎರಡನೆಯ ತುಂಡು ಅದನ್ನು ಸರ್ವನಾಮದಿಂದ ಮತ್ತೆ ಹಿಡಿಯುತ್ತದೆ. ಮರಾಠಿಯಲ್ಲಿ ನಮ್ಮದರಂಥ ‘ಕಾಲ್ ಆಲೇಲಾ ಮುಲಗಾ’ ಎಂಬ ರಚನೆಯೂ ಇದೆ, ಆದರೆ ಅಲ್ಲಿ ಕೃದಂತ, ಅಂದರೆ ನಮ್ಮ ‘ಬಂದ’, ‘ಬರೆದ’ಗಳಂಥ ರೂಪ, ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ: ಆಲೇಲಾ, ಆಲೇಲೀ.

ಕನ್ನಡದಲ್ಲೂ ಜೋಡಿ ಇಲ್ಲದಿಲ್ಲ. ‘ಯಾರು ಮೊದಲು ಬರುತ್ತಾರೋ ಅವರಿಗೆ ಸೀಟು’ ಎನ್ನುತ್ತೇವಲ್ಲ, ಅದೇ. ಪ್ರಶ್ನೆಯ ಪದ, ಕೊನೆಗೆ ‘ಓ’, ಆಮೇಲೆ ‘ಅವರು’. ಈ ರಚನೆ ಎಷ್ಟು ಬಲಶಾಲಿ ಎಂಬುದಕ್ಕೆ ಕೊಂಕಣಿಯೇ ಸಾಕ್ಷಿ. ಗೋವಾದ ಕೊಂಕಣಿಯಲ್ಲಿ ‘ಜೊ … ತೊ’ ಇದೆ. ಶತಮಾನಗಳಿಂದ ಕನ್ನಡದ ನಡುವೆ ಬಾಳಿದ ಕರ್ನಾಟಕದ ಸಾರಸ್ವತ ಕೊಂಕಣಿಯಲ್ಲಿ ‘ಜೊ’ ಬಿದ್ದುಹೋಗಿ, ಕನ್ನಡದ ‘ಯಾವ … ಓ’ ಅಚ್ಚಿನಲ್ಲೇ ಪ್ರಶ್ನೆಯ ಪದ ‘ಖಂಚೊ’, ಕೊನೆಗೆ ‘ಕೀ’, ಆಮೇಲೆ ‘ತೊ’ ಎಂಬ ಹೊಸ ರಚನೆ ನಿಂತಿರುವುದನ್ನು ಭಾಷಾವಿಜ್ಞಾನಿ ಎಂ. ವಿ. ನಾಡಕರ್ಣಿ 1975ರಲ್ಲಿ ವಿವರವಾಗಿ ತೋರಿಸಿದರು. ಭಾಷೆಗಳ ನಡುವೆ ಪದಗಳಷ್ಟೇ ಅಲ್ಲ, ವಾಕ್ಯದ ಎಲುಬುಗಳೂ ದಾಟುತ್ತವೆ. ನಮ್ಮ ಇಂಗ್ಲಿಷಿಗೂ ಅವು ದಾಟುವುದು ಸಹಜ.

ಸಹಜವಾದರೂ ಇಂಗ್ಲಿಷ್ ಬರವಣಿಗೆ ಒಪ್ಪುವುದಿಲ್ಲ. ಅಲ್ಲಿ ‘ಹೂ’, ‘ವಿಚ್’ಗಳೇ ಸರ್ವನಾಮಗಳು. ಒಂದು ಕುರ್ಚಿಗೆ ಇಬ್ಬರನ್ನು ಕೂರಿಸುವಂತಿಲ್ಲ. ಪರೀಕ್ಷೆ ಸುಲಭ: ಉಪವಾಕ್ಯದೊಳಗೆ ಹಿಮ್, ಹರ್, ಇಟ್, ದೆಮ್ ಕಂಡರೆ, ಅದು ಸೂಚಿಸುವುದು ಮೊದಲೇ ಬಂದ ಆ ನಾಮಪದವನ್ನೇ ಎಂದಾದರೆ ಅಳಿಸಿ. ‘ದ ಡೇ ಶಿ ರೋಟ್ ಇಟ್’ ಎಂಬಲ್ಲಿ ‘ಇಟ್’ ದಿನವಲ್ಲ, ಕಾಗದ. ಆದ್ದರಿಂದ ಅದು ಉಳಿಯಬಹುದು.

ಪ್ರಶ್ನೆಯ ಪದಗಳೇ ಇಲ್ಲೂ ಬರುವುದರಿಂದ ಪ್ರಶ್ನೆಯ ಪದಕ್ರಮವೂ ನುಸುಳುತ್ತದೆ. ‘ದ ರೂಮ್ ವೇರ್ ಈಸ್ ಹಿ ಸ್ಟೇಯಿಂಗ್’ ತಪ್ಪು. ಉಪವಾಕ್ಯ ಪ್ರಶ್ನೆಯಲ್ಲ: ‘ದ ರೂಮ್ ವೇರ್ ಹಿ ಈಸ್ ಸ್ಟೇಯಿಂಗ್’.

ಜೋಡಿಸುವ ಪದವನ್ನು ಬಿಡುವುದು ಯಾವಾಗ

ಮಾತಿನಲ್ಲಿ ಇಂಗ್ಲಿಷರು ‘ದಟ್’, ‘ವಿಚ್’ಗಳನ್ನು ಧಾರಾಳವಾಗಿ ಬಿಟ್ಟುಬಿಡುತ್ತಾರೆ. ಬಿಡಬಹುದೇ ಇಲ್ಲವೇ ಎಂದು ತಿಳಿಯಲು ಜೋಡಿಸುವ ಪದದ ತಕ್ಷಣ ಏನಿದೆ ನೋಡಿ. ಕ್ರಿಯಾಪದವಿದ್ದರೆ ಖಾಲಿ ಜಾಗ ಕರ್ತೃವಿನದು, ಬಿಡುವಂತಿಲ್ಲ. ‘ದ ಮ್ಯಾನ್ ಹೂ ಲಿವ್ಸ್ ಅಪ್‌ಸ್ಟೇರ್ಸ್ ಈಸ್ ಎ ಡಾಕ್ಟರ್’ ಎಂಬುದರಲ್ಲಿ ‘ಹೂ’ ತೆಗೆದರೆ ‘ದ ಮ್ಯಾನ್ ಲಿವ್ಸ್ ಅಪ್‌ಸ್ಟೇರ್ಸ್’ ಎಂಬುದೇ ಪೂರ್ತಿ ವಾಕ್ಯವಾಗಿ, ‘ಈಸ್ ಎ ಡಾಕ್ಟರ್’ ಅನಾಥವಾಗುತ್ತದೆ. ಜೋಡಿಸುವ ಪದದ ನಂತರ ಬೇರೊಂದು ಕರ್ತೃ ಬಂದರೆ, ಅಂದರೆ ಐ, ವಿ, ದೇ ಅಥವಾ ಒಂದು ಹೆಸರು ಬಂದರೆ, ಬಿಡಬಹುದು: ‘ದ ಫ್ಲ್ಯಾಟ್ ವಿ ಬಾಟ್’. ‘ವೇರ್’, ‘ಹೂಸ್’ಗಳನ್ನು ಮಾತ್ರ ಹೀಗೆ ಬಿಡಲಾಗದು.

ಉಚ್ಚಾರದ ಒಂದು ಸೂಕ್ಷ್ಮ ಕನ್ನಡ ಲಿಪಿಯಲ್ಲಿ ಚೆನ್ನಾಗಿ ಕಾಣಿಸುತ್ತದೆ. ‘ಆ ಮನುಷ್ಯ’ ಎನ್ನಲು ‘ದ್ಯಾಟ್ ಮ್ಯಾನ್’. ಸ್ವರ ಪೂರ್ತಿ ತೆರೆದಿರುತ್ತದೆ. ಉಪವಾಕ್ಯವನ್ನು ಜೋಡಿಸುವ ಪದ ‘ದಟ್’. ಸ್ವರ ಸಣ್ಣದು, ಒತ್ತಿಲ್ಲ, ಹಿಂದಿನ ನಾಮಪದಕ್ಕೆ ಅಂಟಿಕೊಂಡೇ ಬರುತ್ತದೆ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ನಮ್ಮಲ್ಲಿ ಹಲವರು ಎರಡನ್ನೂ ‘ದ್ಯಾಟ್’ ಎಂದು ಒತ್ತಿ ಹೇಳುತ್ತಾರೆ. ಆಗ ಕೇಳುವವರಿಗೆ ಅಲ್ಲಿ ಹೊಸ ವಾಕ್ಯ ಶುರುವಾದಂತೆ ಕೇಳಿಸುತ್ತದೆ. ಫೋನಿನಲ್ಲಿ ಎರಡೆರಡು ಸಲ ಹೇಳಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಕರ್ಮದ ಜಾಗಕ್ಕೆ ‘ಹೂಮ್’ ಎಂಬುದು ಮಾತಿನಲ್ಲಿ ಹೆಚ್ಚುಕಡಿಮೆ ಮರೆಯಾಗಿದೆ, ಪ್ರಿಪೊಸಿಷನ್ನಿನ ನಂತರ ಮಾತ್ರ ಗಟ್ಟಿಯಾಗಿ ಉಳಿದಿದೆ. ‘ಹೂಸ್’ ನಮ್ಮ ಆರನೆಯ ವಿಭಕ್ತಿಯ ಕೆಲಸ ಮಾಡುತ್ತದೆ: ‘ಮಗ ಪರೀಕ್ಷೆ ಬರೆಯುತ್ತಿರುವ ಹೆಂಗಸು’ ಎಂದರೆ ‘ದ ವುಮನ್ ಹೂಸ್ ಸನ್ ಈಸ್ ಟೇಕಿಂಗ್ ದ ಎಕ್ಸಾಮ್’. ‘ಹೂ ಹರ್ ಸನ್’ ಅಲ್ಲ. ವಸ್ತುಗಳಿಗೂ ‘ಹೂಸ್’ ಸಲ್ಲುತ್ತದೆ: ‘ದ ಬಿಲ್ಡಿಂಗ್ ಹೂಸ್ ಲಿಫ್ಟ್ ಈಸ್ ನಾಟ್ ವರ್ಕಿಂಗ್’. 1977ರಲ್ಲಿ ಭಾಷಾವಿಜ್ಞಾನಿಗಳಾದ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಹಲವು ಭಾಷೆಗಳನ್ನು ಹೋಲಿಸಿ, ಉಪವಾಕ್ಯದ ಖಾಲಿ ಜಾಗಗಳನ್ನು ಒಂದು ಮೆಟ್ಟಿಲಸಾಲಾಗಿ ಜೋಡಿಸಿದರು: ಎಲ್ಲಕ್ಕಿಂತ ಸುಲಭ ಕರ್ತೃ, ಆಮೇಲೆ ಕರ್ಮ, ಇನ್ನೂ ಕೆಳಗೆ ಪ್ರಿಪೊಸಿಷನ್ನಿನ ಜಾಗ, ಅದರ ಕೆಳಗೆ ಒಡೆತನದ ‘ಹೂಸ್’. ಅಭ್ಯಾಸ ಮಾಡುವವರು ಇದೇ ಕ್ರಮದಲ್ಲಿ ಇಳಿದರೆ ಒಳ್ಳೆಯದು.

‘ನೀವು ಹೇಳಿದ್ದು’ ಎಂಬಂತೆ ನಾಮಪದವೇ ಇಲ್ಲದಾಗ ‘ವಾಟ್’: ‘ವಾಟ್ ಯು ಸೆಡ್’. ‘ವಾಟ್’ ಒಳಗೆ ನಾಮಪದ ಅಡಗಿರುವುದರಿಂದ ಮತ್ತೊಂದನ್ನು ಮುಂದೆ ಇಡಬಾರದು. ‘ದ ಥಿಂಗ್ ವಾಟ್ ಯು ಸೆಡ್’, ‘ಆಲ್ ವಾಟ್ ಯು ಸೆಡ್’ ಎರಡೂ ತಪ್ಪು. ‘ದ ಥಿಂಗ್ ಯು ಸೆಡ್’, ‘ಆಲ್ ದಟ್ ಯು ಸೆಡ್’ ಸರಿ.

ಕ್ರಿಯಾಪದದ ಬಾಲದ ಬಗ್ಗೆಯೂ ಎಚ್ಚರ ಬೇಕು. ಬಂದ ಹುಡುಗ, ಬಂದ ಹುಡುಗಿ, ಬಂದ ಜನ: ‘ಬಂದ’ ಯಾರಿಗೂ ಬಾಗುವುದಿಲ್ಲ. ಆ ರೂಢಿಯಿಂದ ‘ಹೂ’ ನಂತರ ಕ್ರಿಯಾಪದ ಒಂದೇ ರೂಪದಲ್ಲಿ ನಿಂತುಬಿಡುತ್ತದೆ: ‘ದ ಪೀಪಲ್ ಹೂ ಲಿವ್ಸ್ ಹಿಯರ್’. ‘ಹೂ’ಗೆ ಸ್ವಂತ ವಚನವಿಲ್ಲ, ಅದರ ಹಿಂದಿನ ನಾಮಪದದ್ದನ್ನೇ ಎರವಲು ಪಡೆಯುತ್ತದೆ. ಆದ್ದರಿಂದ ‘ಪೀಪಲ್ ಹೂ ಲಿವ್’. ‘ಡೊಂಬಿವಲಿಯಲ್ಲಿ ನಿಲ್ಲುವ ಫಾಸ್ಟ್ ಗಾಡಿಗಳಲ್ಲಿ ಇದೊಂದು’ ಎಂಬಲ್ಲಿ ನಿಲ್ಲುವವು ಗಾಡಿಗಳು: ‘ದಿಸ್ ಈಸ್ ಒನ್ ಆಫ್ ದ ಫಾಸ್ಟ್ ಟ್ರೇನ್ಸ್ ದಟ್ ಸ್ಟಾಪ್ ಅಟ್ ಡೊಂಬಿವಲಿ’.

ಕೊಮಾ ಒಂದು, ಅರ್ಥ ಎರಡು

ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡಿನ ಮೇಲೆ ಈ ಸಾಲು ಇದೆಯೆನ್ನಿ: ‘ದ ಮೆಂಬರ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ದ ಮೇಂಟೆನೆನ್ಸ್ ವಿಲ್ ಬಿ ಚಾರ್ಜ್ಡ್ ಇಂಟರೆಸ್ಟ್’. ಕಟ್ಟದವರಿಗೆ ಮಾತ್ರ ಬಡ್ಡಿ. ಈಗ ‘ಮೆಂಬರ್ಸ್’ ನಂತರ ಒಂದು, ‘ಮೇಂಟೆನೆನ್ಸ್’ ನಂತರ ಒಂದು ಕೊಮಾ ಹಾಕಿ. ಸದಸ್ಯರೆಲ್ಲರಿಗೂ ಬಡ್ಡಿ, ಅವರಲ್ಲಿ ಒಬ್ಬರೂ ಹಣ ಕಟ್ಟಿಲ್ಲ ಎಂದಾಯಿತು! ಕೊಮಾ ಇಲ್ಲದ ಉಪವಾಕ್ಯ ಗುಂಪಿನಿಂದ ಕೆಲವರನ್ನು ಆರಿಸುತ್ತದೆ. ಕೊಮಾದೊಳಗಿನದು ಯಾರನ್ನೂ ಆರಿಸುವುದಿಲ್ಲ, ಈಗಾಗಲೇ ಗೊತ್ತಿರುವವರ ಬಗ್ಗೆ ಹೆಚ್ಚಿನ ಮಾಹಿತಿ ಕೊಡುತ್ತದೆ.

‘ಮೇಂಟೆನೆನ್ಸ್ ಕಟ್ಟದ ಸದಸ್ಯರು’ ಎಂಬ ಕನ್ನಡಕ್ಕೆ ಈ ಭೇದವನ್ನು ತೋರುವ ಚಿಹ್ನೆಯಿಲ್ಲ. ‘ಥಾಣೆಯಲ್ಲಿರುವ ನನ್ನ ಅಣ್ಣ’ ಎಂದರೆ ಅಣ್ಣಂದಿರು ಎಷ್ಟು ಜನ ಎಂದು ಹೇಳಲಾಗದು. ಇಂಗ್ಲಿಷಿನಲ್ಲಿ ‘ಮೈ ಬ್ರದರ್ ಹೂ ಲಿವ್ಸ್ ಇನ್ ಥಾಣೆ’ ಎಂದರೆ ಬೇರೆ ಊರಿನಲ್ಲಿ ಇನ್ನೊಬ್ಬ ಇದ್ದಾನೆ. ಕೊಮಾ ಹಾಕಿದರೆ ಇರುವವನು ಒಬ್ಬನೇ. ವಿಮೆ, ವೀಸಾ, ಬಾಡಿಗೆ ಕರಾರಿನ ಕಾಗದಗಳಲ್ಲಿ ಇದು ಆಟದ ಮಾತಲ್ಲ. ಬರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಉಪವಾಕ್ಯವನ್ನು ಪೂರಾ ಅಳಿಸಿದರೂ ಯಾರು, ಯಾವುದು ಎಂದು ಓದುವವರಿಗೆ ತಿಳಿಯುತ್ತದೆಯೇ? ತಿಳಿಯುವುದಾದರೆ ಕೊಮಾ ಬೇಕು. ಹೆಸರಿಟ್ಟು ಹೇಳಿದ ಊರು, ವ್ಯಕ್ತಿ, ಕಟ್ಟಡಗಳಿಗೆ ಸಾಮಾನ್ಯವಾಗಿ ಬೇಕೇ ಬೇಕು: ‘ಶನಿವಾರವಾಡಾ, ವಿಚ್ ವಾಸ್ ಕಂಪ್ಲೀಟೆಡ್ ಇನ್ 1732, ಈಸ್ ಇನ್ ಪುಣೆ’. ಕೊಮಾ ತೆರೆದರೆ ಮುಚ್ಚಲೂ ಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಮಾತಿನಲ್ಲಿ ಆ ಜಾಗದಲ್ಲಿ ಸಣ್ಣ ತಡೆ, ದನಿ ಒಂದಿಷ್ಟು ಕೆಳಗೆ.

ಕೊಮಾದ ನಂತರ ‘ದಟ್’ ಬರುವುದಿಲ್ಲ, ಪದ ಬಿಡುವುದೂ ಸಲ್ಲದು. ಕೊಮಾ ಇಲ್ಲದಾಗ ‘ದಟ್’ ಮಾತ್ರವೇ, ‘ವಿಚ್’ ಕೂಡದೇ? ಆರಿಸುವುದಕ್ಕೆ ‘ದಟ್’, ಹೆಚ್ಚಿನ ಮಾಹಿತಿಗೆ ‘ವಿಚ್’ ಎಂದು ಹಂಚಿಕೊಂಡರೆ ಒಳ್ಳೆಯದೆಂದು 1926ರ ತನ್ನ ಬಳಕೆಯ ನಿಘಂಟಿನಲ್ಲಿ ಸೂಚಿಸಿದವನು ಎಚ್. ಡಬ್ಲ್ಯೂ. ಫೌಲರ್. ಹೆಚ್ಚಿನ ಬರಹಗಾರರು ಹಾಗೆ ಮಾಡುವುದಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದ. ಅಮೆರಿಕದ ಸಂಪಾದಕರು ಅದನ್ನು ಹೆಚ್ಚುಕಡಿಮೆ ಕಟ್ಟಳೆಯಾಗಿ ಪಾಲಿಸುತ್ತಾರೆ. ಬ್ರಿಟಿಷ್ ಬಳಕೆಯಲ್ಲಿ ಎರಡೂ ನಡೆಯುತ್ತವೆ. ಪುಣೆಯ ಹಿಂಜವಡಿಯಲ್ಲಿ ಕೂತು ಅಮೆರಿಕದ ಗಿರಾಕಿಗೆ ಬರೆಯುವವರು ‘ದಟ್’ ಹಿಡಿದರೆ ಯಾರೂ ತಿದ್ದುವುದಿಲ್ಲ.

‘ವಿಚ್’ ಒಮ್ಮೊಮ್ಮೆ ನಾಮಪದವನ್ನಲ್ಲ, ಇಡೀ ವಾಕ್ಯವನ್ನೇ ಹಿಡಿಯುತ್ತದೆ: ‘ದ ಟ್ರೇನ್ ವಾಸ್ ಲೇಟ್, ವಿಚ್ ಮೇಡ್ ಮಿ ಮಿಸ್ ದ ಮೀಟಿಂಗ್’. ನಮ್ಮ ‘ಇದರಿಂದ’ ಇದ್ದ ಹಾಗೆ. ಕೊಮಾ ಕಡ್ಡಾಯ.

ಕೃದಂತಕ್ಕೆ ಹತ್ತಿರದ ಬಂಧು

ಇಂಗ್ಲಿಷಿನಲ್ಲೂ ನಮ್ಮ ‘ಬರುವ’, ‘ಬರೆದ’ಗಳಂಥ ಮೊಟಕು ರೂಪಗಳಿವೆ. ‘ದ ಪೀಪಲ್ ಸ್ಟ್ಯಾಂಡಿಂಗ್ ನಿಯರ್ ದ ಗೇಟ್’, ‘ದ ಲೆಟರ್ ಸೆಂಟ್ ಯೆಸ್ಟರ್ಡೇ’. ‘ಹೂ ಆರ್’, ‘ದಟ್ ವಾಸ್’ ಬಿದ್ದುಹೋಗಿವೆ. ಆದರೆ ಇಲ್ಲೂ ಇಂಗ್ಲಿಷ್ ಸಂಬಂಧವನ್ನು ಹೇಳಿಸಿಯೇ ಬಿಡುತ್ತದೆ: ನಾಮಪದ ಕೆಲಸ ಮಾಡುವುದಾದರೆ ‘ಇಂಗ್’, ಕೆಲಸಕ್ಕೆ ಒಳಗಾಗುವುದಾದರೆ ‘ಎಡ್’ ಅಥವಾ ಅದರ ಸಮಾನ ರೂಪ. ‘ಕರೆದ ಜನ’ ಎಂದರೆ ಕರೆದವರೂ ಆಗಬಹುದು, ಕರೆಸಿಕೊಂಡವರೂ ಆಗಬಹುದು; ‘ದ ಪೀಪಲ್ ಇನ್ವೈಟೆಡ್’ ಎಂದರೆ ಕರೆಸಿಕೊಂಡವರೇ.

ಮುಗಿದ ಒಂದೇ ಘಟನೆಗೆ ‘ಇಂಗ್’ ಒಗ್ಗುವುದಿಲ್ಲ. ‘ನಿನ್ನೆ ಬಂದ ಹುಡುಗ’ನನ್ನು ‘ದ ಬಾಯ್ ಕಮಿಂಗ್ ಯೆಸ್ಟರ್ಡೇ’ ಎನ್ನಲಾಗದು, ‘ಹೂ ಕೇಮ್’ ಎಂದೇ ಪೂರ್ತಿಯಾಗಿ ಹೇಳಬೇಕು. ಇನ್ನು ಜಾಗ: ಮೊಟಕು ರೂಪ ಒಂಟಿಯಾಗಿದ್ದರೆ ನಾಮಪದದ ಮುಂಚೆ ನಿಲ್ಲಬಹುದು, ‘ದ ಅಟ್ಯಾಚ್ಡ್ ಡಾಕ್ಯುಮೆಂಟ್ಸ್’. ಜೊತೆಗೆ ಸಾಮಾನು ಹೊತ್ತು ಬಂದರೆ ನಾಮಪದದ ಹಿಂದೆ, ‘ದ ಡಾಕ್ಯುಮೆಂಟ್ಸ್ ಅಟ್ಯಾಚ್ಡ್ ಟು ದಿಸ್ ಮೇಲ್’.

ಉದ್ದನೆಯದನ್ನು ಬಿಚ್ಚುವುದು

ಕನ್ನಡ ಉದ್ದವನ್ನು ಸಲೀಸಾಗಿ ತಾಳುತ್ತದೆ: ‘ಹೊಸ ಲಿಫ್ಟಿಗೆಂದು ಕಳೆದ ತಿಂಗಳು ನಾವು ಅಡ್ವಾನ್ಸ್ ಕೊಟ್ಟ ಕಂಪನಿ ಕಳಿಸಿದ, ಮರಾಠಿ ಮಾತ್ರ ಬರುವ ಮೆಕ್ಯಾನಿಕ್ ತೋರಿಸಿದ ಸಮಸ್ಯೆ ಇನ್ನೂ ಹಾಗೇ ಇದೆ.’ ಪ್ರತಿ ನಾಮಪದವೂ ತನ್ನ ವಿವರಣೆಯನ್ನು ಮುಗಿಸಿಕೊಂಡೇ ಮುಂದಿನದಕ್ಕೆ ಹೋಗುತ್ತದೆ, ಏನೂ ಬಾಕಿ ಉಳಿಯುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಮಾಡಿದರೆ ‘ದ ಪ್ರಾಬ್ಲಮ್ ದಟ್ ದ ಮೆಕ್ಯಾನಿಕ್ ದಟ್ ದ ಕಂಪನಿ …’ ಎಂದು ಮೂರು ಕರ್ತೃಗಳು ತಮ್ಮ ಕ್ರಿಯಾಪದಕ್ಕಾಗಿ ಕಾಯುತ್ತಾ ನಿಲ್ಲುತ್ತವೆ, ಕೊನೆಯಲ್ಲಿ ‘ಸೆಂಟ್ ಪಾಯಿಂಟೆಡ್ ಔಟ್ ಈಸ್’ ಎಂದು ಕ್ರಿಯಾಪದಗಳು ರಾಶಿ ಬೀಳುತ್ತವೆ. ವ್ಯಾಕರಣ ತಪ್ಪಿಲ್ಲ, ಆದರೆ ಯಾರಿಗೂ ಅರ್ಥವಾಗದು.

ಉಪವಾಕ್ಯ ವಾಕ್ಯದ ತುದಿಯಲ್ಲಿದ್ದರೆ ಇಂಗ್ಲಿಷಿಗೆ ಹಗುರ, ಕರ್ತೃ ಮತ್ತು ಕ್ರಿಯಾಪದದ ನಡುವೆ ಸಿಕ್ಕಿಕೊಂಡರೆ ಭಾರ. ಆದ್ದರಿಂದ ಕೊನೆಯ ನಾಮಪದವಾದ ‘ಸಮಸ್ಯೆ’ಯನ್ನು ಕರ್ತೃವಿನ ಜಾಗದಿಂದ ಎತ್ತಿ ತುದಿಗೆ ಕಳಿಸಿ. ಅಡ್ವಾನ್ಸಿನ ಮಾತನ್ನು ಬೇರೆ ವಾಕ್ಯ ಮಾಡಿ. ಮರಾಠಿಯ ವಿಷಯ ಮೆಕ್ಯಾನಿಕ್ ಯಾರೆಂದು ಆರಿಸುತ್ತಿಲ್ಲ, ಹೆಚ್ಚಿನ ಮಾಹಿತಿ ಅಷ್ಟೇ. ಅದಕ್ಕೆ ಎರಡು ಕೊಮಾ. ‘ದೇ ಸೆಂಟ್’ನಲ್ಲಿ ಖಾಲಿ ಜಾಗ ಕರ್ಮದ್ದು, ಜೋಡಿಸುವ ಪದ ಬೇಡ. ‘ಈಸ್ ಸ್ಟಿಲ್ ದೇರ್’ನಲ್ಲಿ ಖಾಲಿ ಜಾಗ ಕರ್ತೃವಿನದು, ‘ದಟ್’ ಬೇಕು. ಆಗ ಸಿಗುವುದು ಇದು: ‘ಲಾಸ್ಟ್ ಮಂತ್ ವಿ ಪೇಯ್ಡ್ ಎ ಕಂಪನಿ ಆ್ಯನ್ ಅಡ್ವಾನ್ಸ್ ಫಾರ್ ದ ನ್ಯೂ ಲಿಫ್ಟ್. ದ ಮೆಕ್ಯಾನಿಕ್ ದೇ ಸೆಂಟ್, ಹೂ ಸ್ಪೀಕ್ಸ್ ಓನ್ಲಿ ಮರಾಠಿ, ಪಾಯಿಂಟೆಡ್ ಔಟ್ ಎ ಪ್ರಾಬ್ಲಮ್ ದಟ್ ಈಸ್ ಸ್ಟಿಲ್ ದೇರ್.’